ಮಗ್ಗ ನಿಲ್ಲಿಸಿ ವಿಜ್ಞಾನ ನೋಡಲು ಹೋದದ್ದು

ಮಂಗಳವಾರ ಬೆಳಿಗ್ಗೆ ಏಳಕ್ಕೆಲ್ಲ ನಾವು ನಾಲ್ಕು ಜನ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ನಾನು, ನನ್ನ ಮಗ ನಾಗರಾಜ, ಸೊಸೆ ಸರೋಜ, ಒಂಬತ್ತು ವರ್ಷದ ಮೊಮ್ಮಗಳು ಪದ್ಮ. ಮಂಗಳವಾರವೇ ಯಾಕೆಂದರೆ ಆ ವರ್ಷ ನಮ್ಮ ಬೀದಿಗೆ ಮಂಗಳವಾರ ಬೆಳಗಿನಿಂದ ನಾಲ್ಕು ಗಂಟೆಯವರೆಗೆ ಕರೆಂಟು ತೆಗೆಯುತ್ತಿದ್ದರು. ಕರೆಂಟಿದ್ದ ದಿನ ನೇಯುವವರ ಮನೆಯಿಂದ ನಾಲ್ಕು ಜನ ಒಟ್ಟಿಗೆ ಹೊರಟರೆ ಎಲ್ಲೋ ಮದುವೆ ಇರಬೇಕು, ಇಲ್ಲ ಯಾರೋ ಸತ್ತಿರಬೇಕು.

ನಮ್ಮದು ಎರಡೂ ಅಲ್ಲ. ಪದ್ಮನ ಸ್ಕೂಲಿನವರು ಮಕ್ಕಳನ್ನು ಬೆಂಗಳೂರಿನ ವಿಜ್ಞಾನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದರು, ಇವಳನ್ನು ಬಿಟ್ಟು. ಇವಳಿಗೆ ಗಮನ ಇಲ್ಲ, ಕೂಗಿದರೆ ತಿರುಗುವುದಿಲ್ಲ, ಅಲ್ಲೆಲ್ಲೋ ತಪ್ಪಿಸಿಕೊಂಡರೆ ಜವಾಬ್ದಾರಿ ಯಾರದು ಎಂದು ಮೇಷ್ಟ್ರು ಹೇಳಿಕಳಿಸಿದ್ದರು. ಹುಡುಗಿ ಎರಡು ದಿನ ಊಟ ಬಿಟ್ಟಳು. ಮೂರನೇ ಕ್ಲಾಸಿನಲ್ಲಿ ಅವಳಿಗೆ ಅದು ಎರಡನೇ ವರ್ಷ. ಇನ್ನು ಸಾಕು, ಪರೀಕ್ಷೆ ಮುಗಿದ ಮೇಲೆ ಸ್ಕೂಲು ಬಿಡಿಸಿ ಕಂಡಿಕೆ ಸುತ್ತಲು ಕೂರಿಸೋಣ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಒಂದು ಕೈ ಕಡಿಮೆ ಬಿದ್ದಿತ್ತು. ಆ ಮಾತು ಮೊದಲು ಎತ್ತಿದವಳು ನಾನೇ. ಮೊದ್ದು ಹುಡುಗಿಗೆ ಪುಸ್ತಕ ಯಾಕೆ ಅಂದಿದ್ದೆ. ಬಿಡಿಸುವ ಮೊದಲು ಆ ಮ್ಯೂಸಿಯಮ್ಮೊಂದು ತೋರಿಸಿಬಿಡೋಣ ಎಂದು ನಾಗರಾಜ ಹೊರಡಿಸಿದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಪದ್ಮ ಕಿಟಕಿಗೆ ಅಂಟಿಕೊಂಡಳು. ಕಂಡಕ್ಟರು ಹಿಂದಿನಿಂದ ಬಂದು, ಅರ್ಧ ಟಿಕೆಟ್ಟೋ ಪೂರ್ತಿಯೋ, ನಿನಗೆ ಎಷ್ಟು ವರ್ಷ ಎಂದು ಅವಳನ್ನೇ ಕೇಳಿದ. ಅವಳು ಹೊರಗೆ ನೋಡುತ್ತಲೇ ಇದ್ದಳು. ಮತ್ತೆ ಕೇಳಿದ. ಊಹೂಂ. ನಾನು ಭುಜ ಹಿಡಿದು ತಿರುಗಿಸಿದೆ. "ಒಂಬತ್ತು" ಅಂದಳು. "ಜಂಬದ ಮೊಮ್ಮಗಳು ಕಣಜ್ಜಿ" ಅಂದ ಕಂಡಕ್ಟರು. ಹೌದಪ್ಪಾ ಅಂದೆ.

ರಾಜಾನುಕುಂಟೆ ದಾಟುವವರೆಗೂ ನಾಗರಾಜ ಹೆಂಡತಿಗೆ ಯಾವುದೋ ಜರಿ ನೂಲಿನ ಸುದ್ದಿ ಹೇಳುತ್ತಿದ್ದ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನಾವು ಮಾತಾಡುವುದೇ ಹಾಗೆ. ಆರು ಪವರ್‌ಲೂಮ್ ಒಂದೇ ಸೂರಿನಡಿ ಹೊಡೆದುಕೊಳ್ಳುವಾಗ ಬಾಯಿ ಬಿಟ್ಟರೆ ಕೂಗಬೇಕು, ಇಲ್ಲವೇ ಕೈಯಲ್ಲಿ ತೋರಿಸಬೇಕು. ನಮ್ಮ ಹೆಂಗಸರು ಮಗ್ಗದ ಆಚೆ ಬದಿಯಲ್ಲಿದ್ದವಳ ತುಟಿ ನೋಡಿಯೇ ಅರ್ಧ ಊರಿನ ಚಾಡಿ ಕೇಳಿಬಿಡುತ್ತಾರೆ. ಬಾಯಿಂದ ಸದ್ದೇ ಹೊರಡುವುದಿಲ್ಲ, ಮಾತು ಮಾತ್ರ ತಲುಪುತ್ತದೆ.

ಯಲಹಂಕ, ಹೆಬ್ಬಾಳ, ಮೆಜೆಸ್ಟಿಕ್. ಅಲ್ಲಿಂದ ಇನ್ನೊಂದು ಬಸ್ಸು. ಸಾಕ್ಷರತೆಯ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ ನಾನು ಬೋರ್ಡುಗಳನ್ನು ಓದಲು ನೋಡಿದೆ, ಒಂದು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮೂರು ದಾಟಿರುತ್ತಿತ್ತು. ಇಳಿದಾಗ ಹತ್ತೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು. ನನಗೆ ಒಳಗೊಳಗೇ ಚಡಪಡಿಕೆ. ಎರಡು ಗಂಟೆಗೆ ಹೊರಟರೆ ಮಾತ್ರ ಐದಕ್ಕಾದರೂ ಮಗ್ಗ ಹಾಕಬಹುದು. ಮಗನಿಗೆ ಅದನ್ನೇ ಹೇಳಿದೆ. "ಒಳಗೇ ಹೋಗಿಲ್ಲ, ಆಗಲೇ ವಾಪಸ್ ಹೊರಟ್ಯಲ್ಲಮ್ಮ" ಅಂದ.

ಒಳಗೆ ದೊಡ್ಡ ದೊಡ್ಡ ಇಂಜಿನ್ನುಗಳು. ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಹಿಡಿ ಸುತ್ತಿದರೆ ಬಲ್ಬು ಹತ್ತುತ್ತದೆ. ದೇವಸ್ಥಾನದಲ್ಲೂ ಮುಟ್ಟಬೇಡ, ಅಂಗಡಿಯಲ್ಲೂ ಮುಟ್ಟಬೇಡ ಅನ್ನಿಸಿಕೊಂಡೇ ಬೆಳೆದವರಿಗೆ ಎಲ್ಲವನ್ನೂ ಮುಟ್ಟಿ ಎಂದು ಬರೆದ ಜಾಗ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿ ತಿರುಗುತ್ತಿದ್ದವು. ನಾಗರಾಜ ಅದರ ಮುಂದೆ ಕಾಲು ಗಂಟೆ ನಿಂತ. ಈ ಚಕ್ರ ನಮ್ಮ ಮಗ್ಗಕ್ಕೆ ಹಾಕಿದರೆ ಎರಡು ದಿನಕ್ಕೆ ಹಲ್ಲು ಉದುರುತ್ತದೆ ಎಂದು ಪಕ್ಕದಲ್ಲಿದ್ದ ಪ್ಯಾಂಟು ಹಾಕಿದವರಿಗೆಲ್ಲ ಹೇಳಿದ. ಮನೆಯಲ್ಲಿರುವ ಚಕ್ರ ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಸೊಸೆಯನ್ನು ಕೇಳಿದೆ. ಸೊಂಟ ನೋಯುತ್ತಿತ್ತು.

ಆದರೆ ಪದ್ಮ ಬೇರೆಯೇ ಹುಡುಗಿಯಾಗಿದ್ದಳು. ರಾಟೆಗಳ ಒಂದು ಕುರ್ಚಿ ಇತ್ತು, ಹಗ್ಗ ಎಳೆದು ನಮ್ಮನ್ನು ನಾವೇ ಮೇಲಕ್ಕೆತ್ತಿಕೊಳ್ಳುವುದು. ಮೂರು ಹಗ್ಗ. ದೊಡ್ಡ ಹುಡುಗರು ಸಿಕ್ಕ ಹಗ್ಗವನ್ನು ಜಗ್ಗಿ ಬೆವತರು. ಇವಳು ಹಿಂದೆ ನಿಂತು ಹಗ್ಗ ಎಷ್ಟು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ ಎಂದು ಬೆರಳಲ್ಲಿ ಎಣಿಸಿಕೊಂಡಳು. ಎಲ್ಲಕ್ಕಿಂತ ಹೆಚ್ಚು ಸಲ ಸುತ್ತಿದ್ದ ಮೂರನೆಯದನ್ನು ಹಿಡಿದು ನೀರು ಸೇದುವ ಹಾಗೆ ಸಲೀಸಾಗಿ ಮೇಲೆ ಹೋದಳು. ನಾನು ನೋಡಿದೆ.

ಮಹಡಿಯ ಹಾಲಿನಲ್ಲಿ ಆ ಕಡೆಗೊಂದು ಈ ಕಡೆಗೊಂದು ದೊಡ್ಡ ಬಾಣಲೆ ನಿಲ್ಲಿಸಿದ್ದರು. ಒಂದರಲ್ಲಿ ಮುಖವಿಟ್ಟು ಪಿಸುಗುಟ್ಟಿದರೆ ಅಷ್ಟು ದೂರದ ಇನ್ನೊಂದರ ಮುಂದೆ ಕೂತವರಿಗೆ ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸುತ್ತದಂತೆ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂರಬೇಕು. ಸೊಸೆ ಆ ಕಡೆ ಹೋದಳು, ಪದ್ಮ ಈ ಕಡೆ ಕೂತಳು. ಸ್ವಲ್ಪ ಹೊತ್ತಾಯಿತು. ಪದ್ಮ ಬಾಣಲೆಯ ಅಂಚು ಸವರಿದಳು, ಕೆಳಗೆ ಬಗ್ಗಿ ಗುಂಡಿ ಎಲ್ಲಿದೆ ಎಂದು ಹುಡುಕಿದಳು.

ಅಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು, ಅಮ್ಮ ಏನೆಂದರು ಮರಿ ಎಂದು ನಗುತ್ತಾ ಕೇಳಿದಳು. ಏನೂ ಇಲ್ಲ ಅಂದಳು ಇವಳು. ಯಂತ್ರ ಕೆಟ್ಟಿರಬೇಕು ಎಂದು ಅವಳನ್ನು ಎಬ್ಬಿಸಿ ನಾನು ಕೂತೆ. ನಲವತ್ತು ವರ್ಷ ಮಗ್ಗದ ಸದ್ದು ತಿಂದ ಕಿವಿ ನನ್ನದು. ಆದರೂ ಸರೋಜನ ಪಿಸುಮಾತು ಹೆಗಲ ಮೇಲೆ ಬಾಯಿಟ್ಟ ಹಾಗೆ ಬಂತು. "ಪದ್ದಿ, ಐಸ್‌ಕ್ರೀಮ್ ಬೇಕೇನೇ?"

ನನಗೆ ಮೊದಲು ಬಂದದ್ದು ಸಿಟ್ಟು. ಬೇಕೆಂದೇ ಹಟ ಮಾಡುತ್ತಾಳೆ ಎಂದು ಅವಳ ತೋಳು ಚಿವುಟಿದೆ. ಅವಳು ತಿರುಗಿ ನನ್ನ ಕಣ್ಣನ್ನು ನೋಡಲಿಲ್ಲ, ಬಾಯಿಯನ್ನು ನೋಡಿದಳು. ನಾನು ಹಾಗೇ ನಿಂತೆ. ಆಮೇಲೆ ಸ್ವರ ಹೊರಡಿಸದೆ, ಮಗ್ಗದ ಆಚೆಯಿಂದ ಕೇಳುವ ಹಾಗೆ, ಬರೀ ತುಟಿಯಲ್ಲಿ ಐಸ್‌ಕ್ರೀಮ್ ಬೇಕಾ ಎಂದು ಕೇಳಿದೆ.

"ಬೇಕು, ಕಡ್ಡೀದು" ಅಂದಳು.

ಅವಳ ಹಿಂದೆ ನಿಂತು, ಈ ಸಲ ಸ್ವರ ಹೊರಡಿಸಿ, ಪದ್ಮ ಅಂದೆ. ಬೇರೆ ಜನ ಮಾತಾಡುವಷ್ಟೇ ಸ್ವರ. ತಿರುಗಲಿಲ್ಲ. ಇನ್ನೊಂದು ಸಲ ಅಂದೆ. ಸರೋಜ ಓಡಿ ಬಂದಳು, ನಾಗರಾಜನೂ ಬಂದ. ಇಬ್ಬರೂ ಒಬ್ಬರಾದ ಮೇಲೊಬ್ಬರು ಹಿಂದೆ ನಿಂತು ಕರೆದರು. ಅವಳು ಮುಂದಿನ ಡೊಂಕು ಕನ್ನಡಿಯಲ್ಲಿ ತನ್ನ ಉದ್ದ ಮೂಗು ನೋಡಿ ನಗುತ್ತಿದ್ದಳು. ಆ ಹೆಂಗಸು ನಮ್ಮ ಮುಖ ನೋಡಿ ಅರ್ಥ ಮಾಡಿಕೊಂಡು, ಡಾಕ್ಟರಿಗೆ ತೋರಿಸಿ ಎಂದು ಮೆಲ್ಲಗೆ ಹೇಳಿ ಬೇರೆ ಮಕ್ಕಳ ಕಡೆ ಹೋದಳು.

ಎಲ್ಲರೂ ಕೂಗುವ ಮನೆ, ಕೈಬಾಯಿ ಆಡಿಸುವ ಮನೆ. ಅಲ್ಲಿ ಕಿವಿ ಇಲ್ಲದವಳು ಕಿವಿ ಇದ್ದವರಿಗಿಂತ ಚುರುಕು. ಯಾರಿಗೆ ಗೊತ್ತಾಗಬೇಕು?

ಕಡ್ಡಿ ಐಸ್‌ಕ್ರೀಮ್ ಕೊಡಿಸಿ ಒಂದು ಗಂಟೆಗೇ ಹೊರಟೆವು. ತಂದಿದ್ದ ಚಿತ್ರಾನ್ನದ ಗಂಟು ಬಿಚ್ಚಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಹಿಂಬದಿಯ ಎದುರುಬದುರು ಸೀಟು ಸಿಕ್ಕಿತು. ಹೆಬ್ಬಾಳ ದಾಟಿದ ಮೇಲೆ ನಾಗರಾಜ ಎಂದೂ ಇಲ್ಲದಷ್ಟು ಸಣ್ಣ ಸ್ವರದಲ್ಲಿ ಶುರುಮಾಡಿದ. ಇದು ಬೀದಿಗೆ ಗೊತ್ತಾಗಬಾರದು, ನಾಳೆ ಅವಳನ್ನು ಯಾರು ಮದುವೆಯಾಗುತ್ತಾರೆ ಅಂದ.

"ಸ್ಕೂಲು ಬಿಡ್ಸೋದು ಹೆಂಗೂ ಇದ್ದೇ ಇದೆ. ಕಂಡಿಕೆ ಸುತ್ತೋಕೆ ಕಿವಿ ಯಾಕಮ್ಮ ಬೇಕು?"

ಸರೋಜ ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು.

"ಬಿಡಿಸು ಅಂದವಳು ನಾನು" ಅಂದೆ. "ಮೊದ್ದು ಅಂತ ಅಂದೆ. ಮೂರನೇ ಹಗ್ಗ ಹಿಡಿದದ್ದು ನೋಡ್ದೆ ಕಣೋ. ಮೊದ್ದಲ್ಲ. ನನ್ನ ಮಾತು ವಾಪಸ್ ತಗೊಂಡೆ."

ಅತ್ತೆಯಾದವಳು ಮಾತು ವಾಪಸ್ ತೆಗೆದುಕೊಳ್ಳುವುದನ್ನು ಸರೋಜ ಅದೇ ಮೊದಲು ಕೇಳಿದ್ದು. ತಿರುಗಿ ನನ್ನನ್ನೇ ನೋಡಿದಳು. ನಾಗರಾಜ ಇನ್ನೂ ಏನೋ ಹೇಳಲು ಹೊರಟ. ಎದುರಿಗೆ ಕೂತಿದ್ದ ಪದ್ಮ ಅವನ ಮೊಣಕಾಲು ತಟ್ಟಿದಳು. ಅಷ್ಟು ಹೊತ್ತೂ ನಮ್ಮ ಮೂವರ ಬಾಯಿಯನ್ನೇ ನೋಡುತ್ತಿದ್ದಳು ಎನ್ನುವುದು ಆಗ ತಲೆಗೆ ಹೋಯಿತು. ಸದ್ದಿಲ್ಲದೆ, ತುಟಿಯಲ್ಲೇ, ನಾನು ಸ್ಕೂಲಿಗೆ ಹೋಗ್ತೀನಿ ಅಂದಳು. ನಾಗರಾಜ ಮುಖ ತಗ್ಗಿಸಿದ. ಅವನು ತಲೆಯೆತ್ತುವವರೆಗೂ ಅವಳು ಮೊಣಕಾಲಿನ ಮೇಲಿನ ಕೈ ತೆಗೆಯಲಿಲ್ಲ.

ಊರಲ್ಲಿ ಇಳಿದಾಗ ಮೂರೂ ಮುಕ್ಕಾಲು. ಬೆಳಗಿನಿಂದ ಮನೆ ಮನೆ ಎಂದು ಹಾರಾಡಿದವಳು ನಾನು, ಆದರೆ ಮನೆಗೆ ಹೋಗಲು ಕಾಲೇಳಲಿಲ್ಲ. ಸ್ಕೂಲು ಬಿಡುವ ಹೊತ್ತು, ನಡೀರಿ ಅಂದೆ. ನಾಗರಾಜ ಎರಡು ಹೆಜ್ಜೆ ಹಿಂದೆಯೇ ಬಂದ.

ಮೇಷ್ಟ್ರು ಬೀಗ ಹಾಕುತ್ತಿದ್ದರು. ಗಾಜಿನ ಪೆಟ್ಟಿಗೆಯ ಮುಂದೆ ಅಷ್ಟು ಮಾತಾಡಿದ ಮಗ ಅಲ್ಲಿ ಟವೆಲ್ಲು ಹಿಂಡುತ್ತಾ ನಿಂತ. ನಾನೇ ಹೇಳಿದೆ.

"ಇವಳಿಗೆ ಕಿವಿ ಮಂದ, ಸ್ವಾಮಿ. ನಮಗೂ ಗೊತ್ತಾಗ್ಲಿಲ್ಲ, ನಿಮಗೂ ಗೊತ್ತಾಗ್ಲಿಲ್ಲ. ಮುಂದಿನ ಸಾಲಲ್ಲಿ ಕೂರಿಸಿ. ಬೋರ್ಡಿಗೆ ಮುಖ ಮಾಡಿ ಪಾಠ ಹೇಳ್ಬೇಡಿ, ಇವಳಿಗೆ ಮುಖ ತೋರಿಸಿ ಹೇಳಿ."

ಮೇಷ್ಟ್ರು ಬೀಗದ ಕೈ ಹಿಡಿದುಕೊಂಡೇ ಹುಡುಗಿಯನ್ನು ನೋಡಿದರು. ಎಷ್ಟು ದಿನದಿಂದ ಹೀಗೆ ಎಂದು ನಾಗರಾಜನನ್ನು ಕೇಳಿದರು. ಅವನು ಸರೋಜನನ್ನು ನೋಡಿದ, ಅವಳು ನನ್ನನ್ನು ನೋಡಿದಳು. ಮೂವರಿಗೂ ಗೊತ್ತಿರಲಿಲ್ಲ.

"ಒಂದನೇ ಕ್ಲಾಸಲ್ಲಿ ಜ್ವರ ಬಂದಿತ್ತಲ್ಲ ಸಾರ್, ಅವತ್ತಿನಿಂದ" ಅಂದಳು ಪದ್ಮ, ಮೇಷ್ಟ್ರ ತುಟಿಯಿಂದ ಕಣ್ಣು ತೆಗೆಯದೆ. "ಯಾರೂ ಕೇಳ್ಲೇ ಇಲ್ಲ."