ಅಗರಬತ್ತಿ ತೋರಿಸಿದ ತೂತು

"ಎಂಜಿನ್ ಆಫ್ ಮಾಡ್ಬೇಡಿ, ಗಾಜು ಏರಿಸಿ" ಎಂದು ಹೇಳಿ ಚಾಮರಾಜಪೇಟೆಯ ನಮ್ಮ ಹಳೆಯ ಮೆಕ್ಯಾನಿಕ್ ರಹೀಮಣ್ಣ ಕಾರಿನೊಳಗೇ ಅಗರಬತ್ತಿ ಹಚ್ಚಿದರು. ಇದೇನು ಪೂಜೆ ಎಂದು ಭೌತವಿಜ್ಞಾನ ಓದಿದ ನನಗೆ ನಗು ಬಂತು. ಪೆಟ್ರೋಲ್ ಸೋರುತ್ತಿಲ್ಲವೆಂದು ಅವರು ಮೊದಲೇ ನೋಡಿಕೊಂಡಿದ್ದರು. ಆದರೂ ಅಪ್ಪ ಕೊಂಡಿದ್ದ ಆ ಹಳೆಯ ಕಾರಿನೊಳಗೆ ಕೆಲವು ದಿನಗಳಿಂದ ಎಂಜಿನ್ ಹೊಗೆಯ ಘಾಟು. ಶಂಕರಪುರಂನಿಂದ ಮಲ್ಲೇಶ್ವರದ ಶಾಲೆ ಮುಟ್ಟುವಷ್ಟರಲ್ಲಿ ನನ್ನ ಮಗಳಿಗೆ ತಲೆ ಸುತ್ತುತ್ತಿತ್ತು.

ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಡೆ ಅಗರಬತ್ತಿಯ ಹೊಗೆ ತಟ್ಟನೆ ನಮ್ಮತ್ತ ಬಾಗಿತು. ಅಲ್ಲಿ ಎಂಜಿನ್ ಕಡೆಗೆ ತೆರೆದುಕೊಂಡ ಬೆರಳಗಲದ ತೂತಿತ್ತು.

"ಅಪ್ಪ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ದೀಪದ ವೈರ್‌ಗೆ ಕೊರೆಸಿದ್ದು. ಎಷ್ಟು ಬೇಡ ಅಂದಿದ್ದೆ!" ಎಂದೆ. ಹಿಂದಿನ ಸೀಟಿನಲ್ಲಿದ್ದ ಅಪ್ಪ ಕಿಟಕಿಯಾಚೆ ನೋಡಿದರು.

"ಆ ವೈರ್ ಈ ಕಡೆ ಇದೆ ಸಾರ್, ರಬ್ಬರ್ ಹಾಕಿ ಬಿಗಿ ಮಾಡಿದೀನಿ. ಇದು ನೀವು ಕಾಲೇಜಲ್ಲಿದ್ದಾಗ ಟೇಪ್‌ರೆಕಾರ್ಡರ್‌ಗೆ ಅಂತ ಮುಂದೆ ನಿಂತು ಕೊರೆಸಿದ್ದು. ರಬ್ಬರ್ ತರ್ತೀನಿ ಇರಿ ಅಂದ್ರೆ ನಿಲ್ಲಲೇ ಇಲ್ವಲ್ಲ!" ಎಂದರು ರಹೀಮಣ್ಣ.

ಟೇಪ್‌ರೆಕಾರ್ಡರ್ ಇದ್ದದ್ದು ನಿಜ. ಅದನ್ನು ತೆಗೆಸಿ ವರ್ಷಗಳಾಗಿದ್ದವು. ಆದರೆ ತೂತು ಕೊರೆಸಿದ್ದು ನನಗೆ ನೆನಪಿರಲಿಲ್ಲ. ಅಪ್ಪ ಕೊರೆಸುತ್ತಿದ್ದದ್ದನ್ನು ನೋಡಿದ ನೆನಪು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಅದನ್ನೇ ಹಿಡಿದು ಎಷ್ಟೋ ಸಲ ಅವರನ್ನು ಹಂಗಿಸಿದ್ದೆ.

ತೂತು ಮುಚ್ಚಿಸಿ, ಎಂಜಿನ್ ಹತ್ತಿರ ಬಿರುಕು ಬಿಟ್ಟು ಹೊಗೆ ಬಿಡುತ್ತಿದ್ದ ಸೈಲೆನ್ಸರ್ ಪೈಪನ್ನೂ ಬದಲಾಯಿಸಿದ ಮೇಲೆ ಮಗಳ ತಲೆಸುತ್ತು ನಿಂತಿತು. ಆ ತೂತು ಯಾರದೆಂದು ಅಪ್ಪನನ್ನೇ ಕೇಳಿದೆ. "ಯಾರಿಗ್ ನೆನಪಿರತ್ತೆ ಬಿಡೋ" ಎಂದರು. ನನ್ನ ನೆನಪನ್ನು ನಂಬುವುದು ಅಂದಿಗೇ ಬಿಟ್ಟೆ. ಅವರಿಗೆ ನೆನಪಿರಲಿಲ್ಲ ಎಂಬುದನ್ನೂ ನಾನು ನಂಬಿಲ್ಲ.