ವೈನಿ ಹೊರಗೆ ಕೂತ ದಿನಗಳು

ಅಣ್ಣನ ಹೆಂಡತಿಯನ್ನು, ಅಂದರೆ ನಮ್ಮ ವೈನಿಯನ್ನು, ಮನೆ ಬಿಡಿಸಿದವಳು ನಾನು. ಅವ್ವ ಬಿಡಿಸಿದಳು, ಅಣ್ಣ ಬಿಡಿಸಿದ ಎಂದು ಊರವರು ಆಡಿಕೊಂಡರು. ಸುಳ್ಳು. ಆಗ ನನಗೆ ಹದಿಮೂರು ವರ್ಷ. ಬಾಯಿ ಮಾತ್ರ ಮೂವತ್ತರ ಹೆಂಗಸಿನದು.

ಮೂವತ್ತರ ದಶಕದ ಮಾತು. ಸವಣೂರಿನಲ್ಲಿ ನಮ್ಮದು ಮಡಿ ಮೈಲಿಗೆಯ ಮನೆ. ಅಣ್ಣ ಕನ್ನಡ ಸಾಲೆಯ ಮಾಸ್ತರ. ಮುಟ್ಟಾದ ಹೆಂಗಸು ಮೂರು ದಿನ ಹಿತ್ತಲ ಪಡಸಾಲೆಯಲ್ಲಿ ಕೂಡಬೇಕು. ಬೇರೆ ಚಾಪೆ, ಬೇರೆ ತಂಬಿಗೆ. ಯಾರೂ ಅವಳನ್ನು ಮುಟ್ಟುವಂತಿಲ್ಲ, ಗಂಡನೂ ಕೂಡ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ವೈನಿ ಹೊರಗೆ ಕೂತಳೆಂದರೆ ನೀರು ಸೇದುವುದು, ರುಬ್ಬುವುದು ಎಲ್ಲ ನನ್ನ ತಲೆಗೆ ಬರುತ್ತಿತ್ತು.

ವೈನಿಯ ಚೊಚ್ಚಲ ಹೆರಿಗೆ ಎರಡು ದಿನ ಹಿಡಿಯಿತು. ಕೂಸು ಉಳಿಯಲಿಲ್ಲ. ಆಮೇಲಿಂದ ಅವಳು ತಿಂಗಳಿಗೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ ಹೊರಗೆ ಕೂಡತೊಡಗಿದಳು. ಅವ್ವ ಗಾಬರಿಯಾಗಿ ಅತ್ತಿ ಚಕ್ಕೆಯ ಕಷಾಯ ಕುದಿಸಿ ಕೊಟ್ಟಳು. ಮುಟ್ಟು ಹೆಚ್ಚು ಹೋದರೆ ನಮ್ಮಲ್ಲಿ ಅದೇ ಮದ್ದು. ಇಲ್ಲದ ಜಡ್ಡಿನ ಆ ಕಹಿ ಮದ್ದನ್ನು ವೈನಿ ದಿನಾ ಮುಂಜಾನೆ ಕಣ್ಣು ಮುಚ್ಚಿ ಕುಡಿದಳು. ಇದ್ದ ಜಡ್ಡು ಏನೆಂದು ಯಾರೂ ಕೇಳಲಿಲ್ಲ.

ಅಜ್ಜನ ಶ್ರಾದ್ಧದ ಹಿಂದಿನ ದಿನ ಮತ್ತೆ ಹೊರಗೆ ಕೂತಳು. ಅಷ್ಟು ಜನರ ವಡೆಗೆ ಬೇಳೆ ರುಬ್ಬುವವರು ಯಾರು? ನಾನು! ಮೈ ಉರಿದುಹೋಯಿತು. ಬಣವೆಯ ಹಿಂದೆ ಒಂದು ಹಗ್ಗ ಕಟ್ಟಿತ್ತು, ಮುಟ್ಟಿನ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಒಣಗಿಸುವುದಕ್ಕೆ. ಹೋಗಿ ನೋಡಿದೆ. ಬರೀ ಹಗ್ಗ. ಮರುದಿನವೂ ಬರೀ ಹಗ್ಗ. ಊಟ ಮಾಡಿದವರೆಲ್ಲ ಹೋಗುವವರೆಗೆ ಹೇಗೋ ತಡೆದುಕೊಂಡು, ಅಣ್ಣ ಎದುರಿಗಿದ್ದಾಗಲೇ ಕೂಗಿದೆ.

"ಅವ್ವಾ, ವೈನಿ ಸುಳ್ಳ ಸುಳ್ಳ ಹೊರಗ ಕುಂತಾಳ! ಹಗ್ಗದ ಮ್ಯಾಲ ಒಂದು ಬಟ್ಟಿ ಇಲ್ಲ. ಬೇಕಾದ್ರ ನೋಡ ಬಾ!"

ಅವ್ವ ಹಿತ್ತಲಿಗೆ ಓಡಿದಳು, ಹಿಂದೆಯೇ ಅಣ್ಣ. "ಖರೇ ಏನ ಇದು? ಕೆಲಸಾ ತಪ್ಪಸ್ಲಿಕ್ಕೆ ಮುಟ್ಟಾದೆ ಅಂತ ಸುಳ್ಳ ಹೇಳ್ತೀ ಏನ?"

"ಕೆಲಸದ ಸಲುವಾಗಿ ಅಲ್ರೀ ಅತ್ತೀ" ಎಂದಳು ವೈನಿ. ಅಷ್ಟೇ. ಮತ್ತೆ ಯಾತಕ್ಕೆ ಎಂದರೆ ತಲೆ ಎತ್ತಲಿಲ್ಲ. ಅವ್ವನಿಗೆ ಹೊಳೆಯದ್ದು ಅಣ್ಣನಿಗೆ ಹೊಳೆಯಿತು. ತನ್ನ ಹಾಸಿಗೆ ತಪ್ಪಿಸುವುದಕ್ಕೆ ಅಂತ. ಅವನ ಮುಖ ಕಪ್ಪಿಟ್ಟಿತು. "ನಾ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು" ಎಂದು ಹೊರಗೆ ನಡೆದುಬಿಟ್ಟ. ಎಂಟು ದಿನದಲ್ಲಿ ಅವಳ ಅಪ್ಪ ಚಿಕ್ಕೇರೂರಿನಿಂದ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ದರು. ಮರುವರ್ಷ ಅಣ್ಣನಿಗೆ ಇನ್ನೊಂದು ಮದುವೆಯಾಯಿತು. ಆ ಮದುವೆಯಲ್ಲಿ ನಾನು ಹೊಟ್ಟೆ ತುಂಬ ಹೋಳಿಗೆ ತಿಂದೆ, ಅದೂ ನೆನಪಿದೆ.

ನನ್ನನ್ನು ಶಿಗ್ಗಾವಿಗೆ ಕೊಟ್ಟರು. ನಲವತ್ತನೆಯ ಇಸವಿಯ ಆಚೀಚೆ ನನಗೂ ಚೊಚ್ಚಲ ಹೆರಿಗೆಯಾಯಿತು. ಮಗ ಉಳಿದ. ಆದರೆ ಹೆರಿಗೆಯಲ್ಲಿ ಹರಿದ ಜಾಗ ನೆಟ್ಟಗೆ ಕೂಡಲಿಲ್ಲ. ಗಂಡ ಹತ್ತಿರ ಬಂದರೆ ಮೆಣಸಿನ ಖಾರ ಬಿದ್ದ ಹಾಗೆ ಉರಿ. ಸಂಜೆ ದೀಪ ಹಚ್ಚುವ ಹೊತ್ತಿಗೇ ಎದೆ ಡವಗುಟ್ಟುತ್ತಿತ್ತು. ದೇವರೇ, ಇವತ್ತು ನನಗೆ ಮುಟ್ಟಾಗಲಿ ಎಂದು ಕೈಮುಗಿದು ನಿಂತಿದ್ದ ಒಂದು ಸಂಜೆ ವೈನಿ ಕಣ್ಣ ಮುಂದೆ ಬಂದಳು. ಅಯ್ಯೋ ರಾಮಾ! ಅವಳು ತಪ್ಪಿಸಿಕೊಂಡದ್ದು ಇದನ್ನೇ.

ನಾನು ಬಾಯಿಬಡಕಿ, ಅವಳ ಹಾಗೆ ನುಂಗಿಕೊಳ್ಳುವ ಜಾತಿಯಲ್ಲ. ಗಂಡನಿಗೆ ಹೇಳಿಯೇಬಿಟ್ಟೆ. "ನೀವು ಬ್ಯಾಡ ಅಂತಲ್ರಿ, ನೋವಿಗೆ ಜೀವಾ ಹೋಧಂಗ ಆಗ್ತದ." ಪುಣ್ಯಾತ್ಮ, ಆ ವಾರವೇ ಮೋಟಾರಿನಲ್ಲಿ ಹುಬ್ಬಳ್ಳಿಗೆ, ಹೆಂಗಸರನ್ನು ನೋಡುವ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದರು. ಆಕೆ ತಪ್ಪಾಗಿ ಕೂಡಿದ್ದನ್ನು ಬಿಡಿಸಿ ಮತ್ತೆ ಹೊಲಿಗೆ ಹಾಕಿದಳು. ಗಂಡನನ್ನು ಒಳಗೆ ಕರೆದು, "ಎರಡು ತಿಂಗಳು ಇವರ ತಂಟೆಗೆ ಹೋಗಬ್ಯಾಡ್ರಿ. ಆಮ್ಯಾಲೂ ನೋವಾತು ಅಂದ್ರ ಅಲ್ಲಿಗೇ ಬಿಟ್ಟು, ಮತ್ತ ನನ್ನ ಕಡೆ ಕರಕೊಂಡ ಬರ್ರಿ" ಎಂದು ಗದರಿಸಿದಳು. ಇಂಥ ತ್ರಾಸು ಎಷ್ಟೋ ಹೆಂಗಸರಿಗೆ ಆಗುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೇ, ಎಂದು ನನಗೆ ಹೇಳಿದಳು.

ಮೈ ಸರಿಹೋದ ಮೇಲೆ ಗಂಡನನ್ನು ಕಾಡಿ ಚಿಕ್ಕೇರೂರಿಗೆ ಹೋದೆ. ವೈನಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೋದವಳೇ ಕಾಲು ಹಿಡಿದುಕೊಂಡು ಎಲ್ಲ ಹೇಳಿದೆ. ನನ್ನ ಸಂಗಡ ದವಾಖಾನೆಗೆ ಬಾ ಅಂದೆ.

"ಈಗ ಯಾರ ಸಲುವಾಗಿ?" ಎಂದಳು.

"ನಿನ್ನ ಸಲುವಾಗಿ, ವೈನಿ."

ಅವಳು ಜೋಳ ಕೇರುತ್ತಲೇ, "ಎಷ್ಟ ದಿವಸದಾಗ ಮಾಯ್ತು?" ಎಂದು ಕೇಳಿದಳು.

"ಹದಿನೈದು ದಿವಸ."

ಮೊರದ ಮೇಲೆ ಅವಳ ಕೈ ನಿಂತಿತು. ನನಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದಳು. "ಒಂದು ಕೆಲಸಾ ಮಾಡು. ನಿಮ್ಮಣ್ಣಗ ಹೇಳು, ಅವರು ನನಗ ಬ್ಯಾಡಾಗಿದ್ದಿಲ್ಲ, ಆ ನೋವು ಬ್ಯಾಡಾಗಿತ್ತು ಅಂತ. ಇಷ್ಟು ಅವರಿಗೆ ಗೊತ್ತಾದ್ರ ಸಾಕು." ಆಗಲಿ ಎಂದೆ. ಆಣೆ ಮಾಡಿ ಹೇಳಿದೆ.

ಅಲ್ಲಿಂದ ಸವಣೂರಿಗೇ ಹೋದೆ. ಅಣ್ಣ ಪಡಸಾಲೆಯಲ್ಲಿ ಮಗಳಿಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ಹೊಸ ವೈನಿ ಚಹಾ ತಂದಿಟ್ಟು, ನನ್ನ ಮಗನನ್ನು ಎತ್ತಿಕೊಂಡು ನಗುತ್ತ ಒಳಗೆ ಹೋದಳು. ಅವಳು ಆಚೆ ಹೋದದ್ದನ್ನು ನೋಡಿಕೊಂಡು ಅಣ್ಣ ಸಣ್ಣ ದನಿಯಲ್ಲಿ ಕೇಳಿದ.

"ಚಿಕ್ಕೇರೂರಿಗೆ ಹೋಗಿದ್ದಿಯಂತ, ಗಾಡಿಯಾಂವ ಹೇಳಿದ. ಹ್ಯಾಂಗಿದ್ದಾಳ? ನನ್ನ ಸುದ್ದಿ ಏನರೆ ಕೇಳಿದಳೇನು?"

ಆಣೆ ಮಾಡಿದ ಮಾತು ನಾಲಿಗೆಯ ತುದಿಗೆ ಬಂತು. ಒಳಗಿಂದ ಹೊಸ ವೈನಿಯ ನಗೆ ಕೇಳುತ್ತಿತ್ತು.

"ಆರಾಮ ಇದ್ದಾಳ" ಎಂದೆ. "ಏನೂ ಕೇಳಲಿಲ್ಲ."

ಅಣ್ಣ ತಲೆಯಾಡಿಸಿ ಮತ್ತೆ ಮಗಳ ಪಾಟಿ ಹಿಡಿದ. ಈಗ ಅಣ್ಣನೂ ಇಲ್ಲ, ಚಿಕ್ಕೇರೂರಿನ ವೈನಿಯೂ ಇಲ್ಲ.