ಬೋರಯ್ಯನ ಎಡಗಾಲು

ಮದ್ದೂರಿನ ಹತ್ತಿರದ ನಮ್ಮ ಕೊಪ್ಪದ ಕಡೆ ಹೊಂಬಾಳಮ್ಮನ ಬಾಯಿಗೆ ಹೆದರದವರಿರಲಿಲ್ಲ. ಗದ್ದೆಗೆ ಹೋಗುವ ನೀರನ್ನು ಸ್ವಂತ ಮೈದುನನೇ ತಿರುಗಿಸಿಕೊಂಡರೂ ಬದುವಿನ ಮೇಲೆ ನಿಂತು ಅವನ ಜನ್ಮ ಜಾಲಾಡಿಬಿಡುತ್ತಿದ್ದಳು. ಹಟ್ಟಿಗೆ ನುಗ್ಗಿದ ಕೊಳಕುಮಂಡಲದ ಹಾವನ್ನು ಒನಕೆಯಲ್ಲಿ ಜಜ್ಜಿ, ಕೈ ತೊಳೆದು, ಮುದ್ದೆ ತೊಳಸಲು ಹೋದವಳು. ಅಂಥವಳಿಗೂ ಒಂದೇ ಒಂದು ಹೆದರಿಕೆ ಇತ್ತು. ಅದನ್ನು ಮಗಳಿಗೂ ಹೇಳದೆ ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಗಂಡ ಬೋರಯ್ಯ ಬೆಲ್ಲದ ಗಾಡಿ ಹೊಡೆದುಕೊಂಡು ಮೈಸೂರಿಗೆ ಹೋದವನು, ಅಲ್ಲೇ ವಾಂತಿಭೇದಿ ತಗುಲಿ ಆಸ್ಪತ್ರೆ ಸೇರಿದ. ಸುದ್ದಿ ತಿಳಿದು ಇವಳು ಓಡುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹೆಣವೆಲ್ಲಿ ಎಂದು ಕೇಳಿದರೆ ಜವಾನ “ವಿಲೇವಾರಿ ಆಯ್ತು” ಎಂದ. ಆ ಮಾತಿನ ಅರ್ಥ ಇವಳಿಗೆ ಗೊತ್ತಿರಲಿಲ್ಲ. ಊರಿಗೆ ಬಂದು ಅಂಕಯ್ಯನನ್ನು ಕೇಳಿದಳು. ಅಂಕಯ್ಯ ಎರಡು ಮೂರು ಸಲ ಮೈಸೂರು ನೋಡಿದ್ದವನು. ಅಷ್ಟಕ್ಕೇ ಊರಿಗೆಲ್ಲ ಪಂಡಿತ.

“ಯಾರೂ ಕೇಳೋರಿಲ್ದ ಎಣಾನ ಕಾಲೇಜಿಗೆ ಕೊಟ್ಬುಡ್ತಾರೆ ಕಣಮ್ಮ. ಕೊಪ್ಪರಿಗೇಲಿ ಬೇಯ್ಸಿ, ಮೂಳೆ ತಗ್ದು, ತಂತಿ ಕಟ್ಟಿ ನಿಲ್ಲುಸ್ತಾರೆ. ಉಡುಗ್ರು ನೋಡಿ ಓದ್ಕೋಬೇಕಲ್ಲ!”

ಇಷ್ಟು ಹೇಳಿ ಎಲೆಯಡಿಕೆ ಉಗಿದು ಎದ್ದು ಹೋದ. ಅವನ ನಾಲಿಗೆ ಸೇದಿಹೋಗ! ಹೊಂಬಾಳಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅಂದಿನಿಂದ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವ ಕಡೆ ಅವಳು ಕಾಲಿಡಲಿಲ್ಲ. ಅವಳಿಗೆ ಹೊಗೆ ಆಗುವುದಿಲ್ಲವೆಂದು ಜನ ತಿಳಿದುಕೊಂಡರು.

ಮಗಳು ರೇವಮ್ಮ ಮಂಡ್ಯದ ನೆಂಟರ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಮುಗಿಸಿದಳು. ಅದು ನಲವತ್ತಾರನೇ ಇಸವಿ. ಹುಡುಗಿಗೆ ಮೈಸೂರಿನಲ್ಲಿ ವಿಜ್ಞಾನ ಓದುವ ಆಸೆ. ಅಲ್ಲಿಯ ಕಾಲೇಜೊಂದರಲ್ಲಿ ಒಂದು ದಿನ ಊರವರಿಗೆಲ್ಲ ಬಾಗಿಲು ತೆರೆದಿಟ್ಟು, ಒಳಗಿರುವುದನ್ನೆಲ್ಲ ತೋರಿಸುತ್ತಾರೆಂದು ಮೇಷ್ಟರು ಹೇಳಿ ಕಳಿಸಿದ್ದರು. “ಸುಮ್ಮನೆ ಗೋಡೆ ನೋಡಿಕೊಂಡು ಬರಬೇಡ. ಹಾಸ್ಟೆಲ್ಲಿನ ವಿಚಾರ ಕೇಳು, ಪಾಠ ಮಾಡುವವರನ್ನು ಮಾತನಾಡಿಸು. ಒಂದು ಕೋಣೆಯನ್ನೂ ಬಿಡಬೇಡ” ಎಂದಿದ್ದರು. ಮಗಳು ಇದನ್ನು ಹೇಳಿದಾಗ ಹೊಂಬಾಳಮ್ಮ ರಾಗಿ ಕೇರುವುದನ್ನು ಬಿಟ್ಟು ಮೊರ ಕೆಳಗಿಟ್ಟಳು.

“ನಾನೂ ಬತ್ತೀನಿ,” ಎಂದಳು.

ಮಗಳನ್ನು ಮೆರೆಸಲು ಹೊರಟಳೆಂದು ಊರವರು ನಕ್ಕರು. ಅವಳ ಎದೆಯಲ್ಲಿದ್ದದ್ದು ಬೇರೆ. ಬೋರಯ್ಯ ಅಲ್ಲಿ ತಂತಿ ಕಟ್ಟಿಸಿಕೊಂಡು ನಿಂತಿದ್ದರೆ? ಮಗಳು ಅಪ್ಪನ ಮೂಳೆ ಎಣಿಸಿಯೇ ಪಾಸಾಗಬೇಕೆ? ಅವನು ಅಲ್ಲಿದ್ದರೆ ಮಗಳು ಆ ಕಾಲೇಜಿನ ಹೊಸಿಲು ತುಳಿಯಕೂಡದು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಗುರುತಿಗೂ ಕೊರತೆ ಇರಲಿಲ್ಲ. ಹಿಂದೊಮ್ಮೆ ಗಾಡಿ ಮಗುಚಿ ಅವನ ಎಡಗಾಲು ಮುರಿದಾಗ, ಮೂಳೆ ಕಟ್ಟುವ ಮರಿಸಿದ್ದಯ್ಯ ಬಿದಿರಿನ ದಬ್ಬೆ ಕಟ್ಟಿ ಕೂಡಿಸಿದ್ದ. ಕೂಡಿತ್ತು, ಆದರೆ ಮೊಣಕಾಲಿನ ಕೆಳಗೆ ನಿಂಬೆಕಾಯಿಯಂಥ ಗಂಟು ಉಳಿದಿತ್ತು. ಎಣ್ಣೆ ನೀವಿ ನೀವಿ ಅವಳ ಬೆರಳಿಗೆ ಆ ಗಂಟು ಚೆನ್ನಾಗಿ ಗೊತ್ತಿತ್ತು.

ಮದ್ದೂರಿನಲ್ಲಿ ರೈಲು ಹತ್ತಿದರು. ಮಂಡ್ಯ ದಾಟಿದರೂ ಹೊಂಬಾಳಮ್ಮ ಬುತ್ತಿ ಬಿಚ್ಚಲಿಲ್ಲ. ಏನೇನು ಕೇಳಬೇಕೆಂದು ರೇವಮ್ಮ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಕಾಲೇಜಿನಲ್ಲಿ ಮಗಳು ಹಾಸ್ಟೆಲ್ಲು ವಿಚಾರಿಸಿದಳು, ಕನ್ನಡಕದ ಲೆಕ್ಚರರೊಬ್ಬರನ್ನು ಮಾತನಾಡಿಸಿದಳು, ಗಾಜಿನ ಕೊಳವೆಯಲ್ಲಿ ಬಣ್ಣ ಬದಲಾಗುವುದನ್ನು ಕಣ್ಣರಳಿಸಿ ನೋಡಿದಳು. ಪ್ರತಿ ಬಾಗಿಲಲ್ಲೂ ಹೊಂಬಾಳಮ್ಮ ಮೊದಲು ಕತ್ತು ಚಾಚಿ ಇಣುಕುತ್ತಿದ್ದಳು, ಆಮೇಲೆ ಕಾಲಿಡುತ್ತಿದ್ದಳು. ಕೊನೆಯ ಕೋಣೆಯಲ್ಲಿ ಅದು ನಿಂತಿತ್ತು.

ಆಳೆತ್ತರ. ತಲೆಗೆ ಕೊಕ್ಕೆ, ಕೀಲಿಗೆಲ್ಲ ತಂತಿ. ಅಂಕಯ್ಯ ಹೇಳಿದ ಹಾಗೆಯೇ. ಪಕ್ಕದಲ್ಲಿ ಮೈಸೂರಿನ ವಿದ್ಯಾರ್ಥಿಯೊಬ್ಬ ಕೋಲು ಹಿಡಿದು ಬಂದವರಿಗೆ ವಿವರಿಸುತ್ತಿದ್ದ. ಹೊಂಬಾಳಮ್ಮ ಅವನ ಹತ್ತಿರ ಸರಿದಳು. ಕೇಳಬೇಕಾದದ್ದು ಒಂದೇ: ಇವನ ಹೆಸರೇನು? ಆದರೆ ನಮ್ಮವರ ಬಾಯಲ್ಲಿ ಹಕಾರ ಎಲ್ಲಿ ನಿಲ್ಲುತ್ತದೆ!

“ಈವಪ್ಪಂಗೆ ಎಸ್ರಿಲ್ವಾ, ಸೋಮಿ?”

ಆ ಹುಡುಗನಿಗೆ ಗೊತ್ತಿದ್ದ ಎಸರು ಒಲೆಯ ಮೇಲೆ ಕುದಿಯುವ ಎಸರು.

“ಎಸರಿಲ್ಲದೆ ಆಗುತ್ತದೆಯೇ ಅಮ್ಮ? ಹಂಡೆಯಲ್ಲಿ ಎಸರಿಟ್ಟು ಚೆನ್ನಾಗಿ ಕುದಿಸಿದರೇ ಮೂಳೆಯಿಂದ ಮಾಂಸ ಬಿಡುವುದು. ವಾರಸುದಾರರಿಲ್ಲದ ಹೆಣ ತಾನೆ!” ಎಂದ, ತಮಾಷೆ ಮಾಡುತ್ತಾ.

ಹೊಂಬಾಳಮ್ಮ ಆ ಮೂಳೆಯತ್ತ ನುಗ್ಗಿದಳು. ಮುಟ್ಟಬಾರದೆಂದು ಬೋರ್ಡು ಹಾಕಿತ್ತು. ಅವಳಿಗೆ ಓದು ಬಾರದು, ಬಂದಿದ್ದರೂ ನಿಲ್ಲುತ್ತಿರಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ತನ್ನ ಎಡಗಡೆಗಿದ್ದ ಕಾಲಿನ ಮೊಣಕಾಲಿನ ಕೆಳಗೆ ಬೆರಳಾಡಿಸಿದಳು. ನುಣ್ಣಗಿತ್ತು. ಮತ್ತೊಮ್ಮೆ ಆಡಿಸಿದಳು. ಗಂಟಿಲ್ಲ. ಉಸಿರು ಬಿಟ್ಟಳು.

“ಏನ್ಮಾಡ್ತಿದ್ದೀಯವ್ವ? ಜನ ನೋಡ್ತಾವ್ರೆ, ಏಳು!” ಎಂದು ರೇವಮ್ಮ ನಾಚಿಕೆಯಿಂದ ಬಗ್ಗಿದಳು.

“ನಿಮ್ಮಪ್ಪನ ಎಡಗಾಲು ನೋಡ್ತಾ ಇವ್ನಿ ಕಣವ್ವ. ಇವ್ನಲ್ಲ ಬುಡು.”

ರೇವಮ್ಮನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲವೂ ಹೊಳೆಯಿತು: ವಾಂತಿಭೇದಿ, ವಿಲೇವಾರಿ, ಆಲೆಮನೆಯ ಹೊಗೆ. ಇನ್ನೊಂದೂ ಹೊಳೆಯಿತು. ಅದನ್ನು ಹೇಳದಿದ್ದರೆ ತಾಯಿ ನಿಶ್ಚಿಂತೆಯಾಗಿ ಎದ್ದು ಬರುತ್ತಿದ್ದಳು. ಆದರೆ ಬಾಯಿ ತಡೆಯಲಿಲ್ಲ.

“ಅವ್ವ, ಅವ್ನು ನಮ್ ಕಡೆ ಮಕ ಮಾಡಿ ನಿಂತವ್ನೆ. ಅದು ಬಲಗಾಲು.”

ಹೊಂಬಾಳಮ್ಮನ ಕೈ ಹಾಗೇ ನಿಂತಿತು. ಇನ್ನೊಂದು ಕಾಲು ಒಂದು ಗೇಣು ದೂರದಲ್ಲಿತ್ತು. ಕೊಳಕುಮಂಡಲ ಜಜ್ಜಿದ ಕೈ ಅಷ್ಟು ದೂರ ಹೋಗಲಾರದಾಯಿತು. “ನೀನ್ ನೋಡವ್ವ, ನನ್ ಕೈಲಾಗಲ್ಲ” ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ರೇವಮ್ಮ ಮಂಡಿಯೂರಿದಳು. ಆ ಹುಡುಗ “ಮುಟ್ಟಬಾರದು, ಮುಟ್ಟಬಾರದು!” ಎನ್ನುತ್ತಲೇ ಇದ್ದ. ಅವಳು ತಣ್ಣನೆಯ ಆ ಮೂಳೆಯ ಮೇಲೆ ಮೇಲಿನಿಂದ ಕೆಳಕ್ಕೆ ಬೆರಳಿಳಿಸಿದಳು.

“ಗಂಟಿಲ್ಲ ಕಣವ್ವ. ನುಣ್ಣಗದೆ.”

ಹೊಂಬಾಳಮ್ಮ ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಗಾಬರಿಗೊಂಡ ಹುಡುಗ ಸಮಾಧಾನಕ್ಕೆಂದು, “ಹೆದರಬೇಡಿ ಅಮ್ಮ, ಇದು ಹಳೆಯದು. ಬರುವ ವರ್ಷ ಹೊಸದು ತರಿಸುತ್ತಾರೆ” ಎಂದ.

ವಾಪಸು ಬರುವಾಗ ರೈಲಿನಲ್ಲಿ ಅವಳು ಬುತ್ತಿ ಬಿಚ್ಚಿ ಮಗಳಿಗೆ ರೊಟ್ಟಿ ಕೊಟ್ಟಳು.

“ಸೇರ್ಕೊ ಮಗ, ಚೆನ್ನಾಗಿ ಓದು. ಆದ್ರೆ ವೊಸ ಮೂಳೆ ಬಂದಾಗ ಮೊದ್ಲು ಎಡಗಾಲು ಮುಟ್ಟಿ ನೋಡು.”

ರೇವಮ್ಮ ಸೇರಿದಳು. ಮೂಳೆಯ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದಳು. ಓದಿನಲ್ಲಿ ಎಷ್ಟು ಆಸಕ್ತಿ ಎಂದು ಲೆಕ್ಚರರು ಮೆಚ್ಚಿಕೊಂಡರು. ಮುಚ್ಚಳ ತೆಗೆದೊಡನೆ ಅವಳು ಮೊದಲು ಎಡಗಾಲನ್ನೇ ಮುಟ್ಟಿ ನೋಡುತ್ತಿದ್ದುದು ಏಕೆಂದು ಅವರಿಗೆ ತಿಳಿಯದು. ರಜೆಗೆ ಊರಿಗೆ ಬಂದಾಗ ತಾಯಿ ಪಾಸೋ ಫೇಲೋ ಎಂದು ಕೇಳುತ್ತಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಕೇಳುತ್ತಿದ್ದಳು:

“ಬಂದಿದ್ನಾ?”

“ಇಲ್ಲ ಕಣವ್ವ” ಎಂದ ಮೇಲೆಯೇ ಒಳಗೆ ಹೋಗಿ ಒಲೆಯ ಮೇಲೆ ಎಸರಿಡುತ್ತಿದ್ದಳು.